ಆಟ ನಿಲ್ಲಲಿಲ್ಲ, ಟಿಕೆಟ್ ನಿಂತಿತು

ಮಹಾಲಕ್ಷ್ಮಿ ಲೇಔಟ್‌ನ ನಮ್ಮ ಮನೆಯಿಂದಲೇ ಮಾತಾಡ್ತಿದ್ದೀನಿ. ಮಧ್ಯೆ ಮಿಕ್ಸಿ ಸದ್ದು ಬಂದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ನಮ್ಮ ಏರಿಯಾದಿಂದ ಚಿನ್ನಸ್ವಾಮಿಗೆ ಹೋಗೋದು ಸುಲಭ. ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿಯೋದು. ಟಿಕೆಟ್ ಬುಕ್ಕಿಂಗೆಲ್ಲ ಫೋನಲ್ಲೇ. ಆದರೆ ಮ್ಯಾಚ್ ದಿನ ಆ ಸಿಸ್ಟಮ್ಮೇ ಕೈಕೊಟ್ರೆ?

2018ರ ಫೆಬ್ರವರಿ 9. ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ. ಅದೇ ಹೊತ್ತಿಗೆ ವೈಫೈ ಹೋಯ್ತು, ವೆಬ್‌ಸೈಟ್ ಬಿತ್ತು, ಜನ ಟಿಕೆಟ್ ಪ್ರಿಂಟ್ ತಗೊಳ್ಳೋಕಾಗಲಿಲ್ಲ. 'ಒಲಿಂಪಿಕ್ ಡಿಸ್ಟ್ರಾಯರ್' ಅನ್ನೋ ಮಾಲ್‌ವೇರ್ ಮಾಡಿದ ಕೆಲಸ ಅದು. ದುಡ್ಡು ಕೇಳಲಿಲ್ಲ, ಕಂಪ್ಯೂಟರ್‌ಗಳನ್ನ ಹಾಳು ಮಾಡಿತು ಅಷ್ಟೇ. ಸಿಬ್ಬಂದಿ ರಾತ್ರಿಯಿಡೀ ಕೂತು ಬೆಳಗಾಗೋಷ್ಟರಲ್ಲಿ ಸರಿ ಮಾಡಿದ್ರು.

ಮಾಡಿದ್ದು ಯಾರು? ಕೋಡ್ ನೋಡಿದ್ರೆ ಉತ್ತರ ಕೊರಿಯಾ ಹ್ಯಾಕರ್‌ಗಳ ಗುರುತು. ನಾನು ಬಿಕಾಂ ಓದಿದವನು, ನಮ್ಮ ಭಾಷೇಲಿ ಹೇಳ್ತೀನಿ: ಇನ್ನೊಬ್ಬರ ಸಹಿ ಫೋರ್ಜರಿ ಮಾಡಿ ವೋಚರ್ ಇಟ್ಟ ಹಾಗೆ. ಆ ಗುರುತು ನಕಲಿ ಅಂತ ಕ್ಯಾಸ್ಪರ್‌ಸ್ಕಿ ಸಂಶೋಧಕರು ತೋರಿಸಿದ್ರು. 2020ರ ಅಕ್ಟೋಬರ್‌ನಲ್ಲಿ ಅಮೆರಿಕ, ರಷ್ಯಾ ಸೇನೆಯ ಗುಪ್ತಚರ ಸಂಸ್ಥೆ ಜಿಆರ್‌ಯುನ 6 ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು. ಡೋಪಿಂಗ್ ಹಗರಣದಿಂದಾಗಿ ಆ ಕೂಟದಲ್ಲಿ ರಷ್ಯಾ ಆಟಗಾರರಿಗೆ ತಮ್ಮ ದೇಶದ ಬಾವುಟ ಹಿಡಿಯೋ ಅವಕಾಶ ಇರಲಿಲ್ಲ. ಆ ಸಿಟ್ಟೇ ಕಾರಣ ಅನ್ನೋದು ಆರೋಪ. ರಷ್ಯಾ ಇದನ್ನ ಒಪ್ಪಿಲ್ಲ. ಟೋಕಿಯೋ ಒಲಿಂಪಿಕ್ಸ್ ಮೇಲೂ ಜಿಆರ್‌ಯು ಕಣ್ಣಿಟ್ಟಿತ್ತು ಅಂತ ಬ್ರಿಟನ್ ಕೂಡ ಅದೇ ದಿನ ಹೇಳಿತು.

ನಮಗೇನು ಅಂತೀರಾ? 2025ರ ಜೂನ್ 4, ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದ್ರು. ಅದು ಸೈಬರ್ ದಾಳಿ ಅಲ್ಲವೇ ಅಲ್ಲ. ಆದ್ರೆ ಗೇಟ್ ಮುಂದೆ ಜನ ಸೇರಿದಾಗ ಗೊಂದಲದ ಬೆಲೆ ಎಷ್ಟು ಅಂತ ನಾವು ಕಣ್ಣಾರೆ ನೋಡಿದ್ದೀವಿ. ಅಂಥ ಗೊಂದಲವನ್ನ ದೂರದಲ್ಲಿ ಕೂತು ಯಾರೋ ಬೇಕಂತಲೇ ಎಬ್ಬಿಸಬಹುದು.

2030ರ ಕಾಮನ್‌ವೆಲ್ತ್ ಗೇಮ್ಸ್ ಅಹಮದಾಬಾದ್‌ನಲ್ಲಿ. ಸ್ಟೇಡಿಯಂ ಕಟ್ಟೋರಿಗೆ ನನ್ನದೊಂದೇ ಪ್ರಶ್ನೆ: ಸರ್ವರ್ ಬಿದ್ದ ಆ ಗಂಟೇಲಿ ಗೇಟ್ ಹತ್ತಿರ ನಿಂತ ಹುಡುಗ ಏನು ಮಾಡ್ಬೇಕು, ಅವನ ಕೈಲಿ ಪ್ರಿಂಟೆಡ್ ಲಿಸ್ಟ್ ಇರುತ್ತಾ?

ನಿಮಗೇನನ್ಸುತ್ತೆ, ಹೇಳಿ. ಮತ್ತೆ ಸಿಗೋಣ.