ಹೋಗಲು ಇನ್ನೊಂದು ಮನೆ



ಮಹಾಮಾರಿಯ ಕಾಲದ ಅಸಮಾನತೆಯ ಬಗ್ಗೆ ಮಾತಾಡಬೇಕು ಎಂದು ಸಂಘದವರು ಕೇಳಿದಾಗ, ಜಗತ್ತನ್ನೆಲ್ಲ ಸುತ್ತಿ ಬರುವುದು ನನ್ನಿಂದಾಗದು, ಒಂದೇ ಊರನ್ನು ಹಿಡಿದು ಕೂರುತ್ತೇನೆ ಎಂದೆ. ಒಪ್ಪಿದರು. ಆ ಊರು ಅಮೆರಿಕದ ಲಾಸ್ ಏಂಜಲಿಸ್. ನಮಗದು ಸಿನಿಮಾದ ಊರು. ಆ ದೇಶದಲ್ಲಿ ಅತಿ ಹೆಚ್ಚು ಜನ ರಸ್ತೆಯ ಪಕ್ಕ ಟೆಂಟು ಹಾಕಿಕೊಂಡು ಮಲಗುವ ಊರುಗಳಲ್ಲಿ ಅದೂ ಒಂದು.

2020ರ ಜನವರಿಯಲ್ಲಿ, ಅಂದರೆ ಲಾಕ್‌ಡೌನ್‌ಗೆ ಎರಡು ತಿಂಗಳು ಮುಂಚೆ, ಅಲ್ಲಿ ಎಂದಿನಂತೆ ಮನೆಯಿಲ್ಲದವರ ಎಣಿಕೆ ನಡೆಯಿತು. ಲಾಸ್ ಏಂಜಲಿಸ್ ಕೌಂಟಿಯಲ್ಲಿ, ನಮ್ಮ ಲೆಕ್ಕದಲ್ಲಿ ಜಿಲ್ಲೆ ಅನ್ನಿ, ಸಿಕ್ಕವರು 66,436 ಮಂದಿ. ಆ ಕೌಂಟಿಯ ಜನಸಂಖ್ಯೆಯಲ್ಲಿ ಕಪ್ಪುಜನ ಶೇ. 8ರಷ್ಟು, ಮನೆಯಿಲ್ಲದವರಲ್ಲಿ ಶೇ. 34ರಷ್ಟು. ಇಡೀ ದೇಶದ ಲೆಕ್ಕವೂ ಇದೇ ಕಥೆ ಹೇಳುತ್ತದೆ. ಆ ವರ್ಷ ಎಣಿಕೆಗೆ ಸಿಕ್ಕ 5,80,466 ಮಂದಿಯಲ್ಲಿ ಶೇ. 39ರಷ್ಟು ಕಪ್ಪುಜನ. ವೈರಸ್ ಇನ್ನೂ ಹರಡಿರಲಿಲ್ಲ, ನೆನಪಿಡಿ.

'ಬಡವರು, ಅದಕ್ಕೇ ಬೀದಿಗೆ ಬಿದ್ದರು' ಎಂದು ಇದನ್ನು ಮುಗಿಸಿಬಿಡಬಹುದಿತ್ತು. ಆದರೆ ಆ ಉತ್ತರ ಅದೇ ಊರಿನಲ್ಲಿ ಕೈಕೊಡುತ್ತದೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ ಲ್ಯಾಟಿನೊ ಜನ ಆ ಕೌಂಟಿಯ ಹೆಚ್ಚುಕಡಿಮೆ ಅರ್ಧದಷ್ಟಿದ್ದಾರೆ. ಅವರಲ್ಲಿ ಬಡತನ ಬೇಕಾದಷ್ಟಿದೆ. ಆದರೂ ಮನೆಯಿಲ್ಲದವರಲ್ಲಿ ಅವರ ಪಾಲು ಶೇ. 36. ಬರೀ ಬಡತನವೇ ಜನರನ್ನು ಬೀದಿಗೆ ತಳ್ಳುವುದಾದರೆ ಈ ಲೆಕ್ಕ ಹೊಂದುವುದಿಲ್ಲ.

ಕೆಲಸ ಹೋದ ದಿನವೇ ಯಾರೂ ಬೀದಿಗೆ ಬೀಳುವುದಿಲ್ಲ. ಮೊದಲು ಬಾಡಿಗೆ ಬಾಕಿ ಬೀಳುತ್ತದೆ. ಮನೆ ಬಿಡಬೇಕಾಗುತ್ತದೆ. ಆಮೇಲೆ ಅಣ್ಣನ ಮನೆ, ಅಕ್ಕನ ಮನೆ, ಸೋದರತ್ತೆಯ ಮನೆ. ಹಾಲ್‌ನಲ್ಲೊಂದು ಚಾಪೆ, ಮೂಲೆಯಲ್ಲೊಂದು ಸೂಟ್‌ಕೇಸು. ನಾಲ್ಕು ತಿಂಗಳಾದ ಮೇಲೆ ಅತ್ತಿಗೆಯ ಮುಖ ಸಣ್ಣದಾಗುತ್ತದೆ. ಇನ್ನೊಂದು ಮನೆ ಹುಡುಕಬೇಕು. ಇವೆಲ್ಲ ಮುಗಿದ ಮೇಲೆ ಬೀದಿ. ಹಾಗಾಗಿ ಬೀದಿಯಲ್ಲಿರುವವನನ್ನು ನೋಡಿದಾಗ ಅವನಿಗೆ ಮನೆ ಯಾಕಿಲ್ಲ ಎನ್ನುವುದಕ್ಕಿಂತ ಅವನ ಅಣ್ಣನ ಮನೆಯಲ್ಲಿ ಯಾಕೆ ಜಾಗವಿಲ್ಲ ಎಂದು ಕೇಳಬೇಕು. ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ.

ಜನ ಹೀಗೆ ಬೀದಿಗೆ ಬೀಳುತ್ತಾರೆ ಎನ್ನುವುದಕ್ಕೆ, ಲಾಸ್ ಏಂಜಲಿಸ್ ಇರುವ ಕ್ಯಾಲಿಫೋರ್ನಿಯಾ ರಾಜ್ಯದ್ದೇ ಆದ ಓಕ್‌ಲ್ಯಾಂಡ್ ನಗರದಲ್ಲಿ ಒಳ್ಳೆಯ ಪುರಾವೆ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯೆ ಮಾರ್ಗೊಟ್ ಕುಶೆಲ್ ಮತ್ತು ಅವರ ತಂಡ 2013ರಿಂದ ಅಲ್ಲಿ 50 ದಾಟಿದ, ಮನೆಯಿಲ್ಲದ 350 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಅವರಲ್ಲಿ ಸುಮಾರು ಶೇ. 80ರಷ್ಟು ಕಪ್ಪುಜನ. ಐದರಲ್ಲಿ ಎರಡಕ್ಕಿಂತ ಹೆಚ್ಚು ಮಂದಿ ಮೊದಲ ಬಾರಿ ಮನೆ ಕಳೆದುಕೊಂಡದ್ದೇ 50 ದಾಟಿದ ಮೇಲೆ. ಜೀವನವಿಡೀ ದುಡಿದವರು. ಗಂಡನೋ ಹೆಂಡತಿಯೋ ತೀರಿಕೊಂಡಾಗ, ಕೆಲಸ ಹೋದಾಗ, ತಾಯಿ ಸತ್ತು ಆಕೆಯ ಬಾಡಿಗೆ ಮನೆ ಕೈತಪ್ಪಿದಾಗ ಹೊರಬಿದ್ದವರು. ತಾಯಿಯದು ಸ್ವಂತ ಮನೆಯಾಗಿದ್ದರೆ ಕಥೆ ಬೇರೆಯಾಗುತ್ತಿತ್ತು.

ತಾಯಿಗೆ ಯಾಕೆ ಸ್ವಂತ ಮನೆ ಇರಲಿಲ್ಲ? ಇದಕ್ಕೆ ಉತ್ತರ ಕಾಗದಪತ್ರಗಳಲ್ಲಿದೆ, ಅದೂ ಸರ್ಕಾರಿ ಕಾಗದಗಳಲ್ಲಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆಸಾಲ ತೀರಿಸಲಾಗದವರನ್ನು ಉಳಿಸಲು ಅಮೆರಿಕ ಸರ್ಕಾರ ಒಂದು ನಿಗಮ ಕಟ್ಟಿತು. ಅದರ ನೌಕರರು ಊರೂರು ಅಳೆದು, ಯಾವ ಬಡಾವಣೆಗೆ ಸಾಲ ಕೊಡುವುದು ಕ್ಷೇಮ ಎಂದು ಬಣ್ಣ ಹಚ್ಚಿದ ನಕ್ಷೆ ಮಾಡಿದರು. ಹಸಿರು ಎಂದರೆ ಉತ್ತಮ, ಕೆಂಪು ಎಂದರೆ ಅಪಾಯ. ಪ್ರತಿ ಬಡಾವಣೆಗೂ ಅವರು ತುಂಬುತ್ತಿದ್ದ ನಮೂನೆಯಲ್ಲಿ ಕಟ್ಟಡದ ವಯಸ್ಸು, ಬಾಡಿಗೆ, ರಿಪೇರಿಯ ಸ್ಥಿತಿಗಳ ಜೊತೆಗೆ 'ನೀಗ್ರೋ' ಎಂದೇ ಒಂದು ಕಲಂ ಇತ್ತು: ಇದ್ದಾರೆಯೇ, ಇದ್ದರೆ ಶೇಕಡಾ ಎಷ್ಟು. ಚರಂಡಿ ಇದೆಯೇ, ನಲ್ಲಿ ಇದೆಯೇ ಎಂದು ಕೇಳುವಷ್ಟೇ ತಣ್ಣಗೆ. ಆ ನಕ್ಷೆಗಳಿಗಿಂತ ಹೆಚ್ಚು ಕೇಡು ಮಾಡಿದ್ದು 1934ರಲ್ಲಿ ಬಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂದು ನನ್ನ ಎಣಿಕೆ. ಬ್ಯಾಂಕುಗಳು ಕೊಡುವ ಮನೆಸಾಲಕ್ಕೆ ಅದು ಸರ್ಕಾರದ ವಿಮೆ ಕೊಡುತ್ತಿತ್ತು. ಕ್ರಯಪತ್ರದಲ್ಲೇ 'ಬಿಳಿಯರಲ್ಲದವರಿಗೆ ಮಾರಕೂಡದು' ಎಂದು ಷರತ್ತು ಬರೆಸಿದ ಬಡಾವಣೆಗಳೆಂದರೆ ಅದಕ್ಕೆ ಅಚ್ಚುಮೆಚ್ಚು.

ಆ ಷರತ್ತಿನ ವಿರುದ್ಧ ಲಾಸ್ ಏಂಜಲಿಸ್‌ನಲ್ಲಿ ಗೆದ್ದವರೂ ಇದ್ದಾರೆ, ಅವರಲ್ಲೊಬ್ಬರನ್ನು ನೀವು ತೆರೆಯ ಮೇಲೆ ನೋಡಿರಬಹುದು. 'ಗಾನ್ ವಿತ್ ದ ವಿಂಡ್' ಚಿತ್ರದ ದಾದಿ, ಹ್ಯಾಟಿ ಮೆಕ್‌ಡೇನಿಯಲ್. ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ. 1940ರ ಆ ಸಮಾರಂಭದಲ್ಲಿ ಆಕೆಗೆ ಉಳಿದ ನಟರಿಂದ ದೂರ ಬೇರೆ ಮೇಜು ಹಾಕಿದ್ದರು. ಆಕೆ ಶುಗರ್ ಹಿಲ್ ಎಂದು ಹೆಸರಾದ ಬಡಾವಣೆಯಲ್ಲಿ ದೊಡ್ಡ ಮನೆ ಕೊಂಡರು. ಬಿಳಿಯ ನೆರೆಯವರು ಷರತ್ತನ್ನು ಮುಂದೆ ಹಿಡಿದು ಕೋರ್ಟಿಗೆ ಹೋದರು. 1945ರಲ್ಲಿ ನ್ಯಾಯಾಧೀಶರು ಆಕೆಯ ಮತ್ತು ಜೊತೆಗಿದ್ದ ಕಪ್ಪು ಮನೆಯೊಡೆಯರ ಪರ ತೀರ್ಪು ಕೊಟ್ಟರು. ಮೂರು ವರ್ಷಗಳ ನಂತರ ಸುಪ್ರೀಂ ಕೋರ್ಟು ಇಂಥ ಷರತ್ತುಗಳನ್ನು ಯಾವ ನ್ಯಾಯಾಲಯವೂ ಜಾರಿ ಮಾಡುವಂತಿಲ್ಲ ಎಂದಿತು. ಗೆದ್ದ ಶುಗರ್ ಹಿಲ್ ಏನಾಯಿತು? ಸಾಂಟಾ ಮೋನಿಕಾ ಹೆದ್ದಾರಿಯನ್ನು ಅದರ ನಡುವೆಯೇ ಎಳೆದರು. 1960ರ ದಶಕದಿಂದ ಅಲ್ಲಿ ಕಾರುಗಳು ಹರಿಯುತ್ತಿವೆ.

ಜನರೂ ಸರ್ಕಾರಕ್ಕಿಂತ ಹಿಂದೆ ಬೀಳಲಿಲ್ಲ. ಮನೆ ಕೊಡುವಾಗ ಬಣ್ಣ ನೋಡಕೂಡದು ಎಂದು ಕ್ಯಾಲಿಫೋರ್ನಿಯಾ 1963ರಲ್ಲಿ ಕಾನೂನು ಮಾಡಿದರೆ, ಮರುವರ್ಷ ಮತದಾರರೇ ಅದನ್ನು ಮೂರನೇ ಎರಡರ ಹತ್ತಿರದಷ್ಟು ಮತಗಳಿಂದ ತಳ್ಳಿಹಾಕಿದರು. ಅವರ ಆ ತೀರ್ಮಾನವನ್ನು ಸುಪ್ರೀಂ ಕೋರ್ಟು 1967ರಲ್ಲಿ ರದ್ದು ಮಾಡಬೇಕಾಯಿತು. ಈ ಜನರ ಮೇಲೆ ತೀರ್ಪು ಕೊಡುವ ಮೊದಲು ನಮ್ಮ ಊರಿನ 'ಮನೆ ಬಾಡಿಗೆಗೆ ಇದೆ' ಬೋರ್ಡುಗಳ ಕೆಳಗೆ ನಿಂತು, ಹೆಸರು ಕೇಳಿದ ಮೇಲೆ 'ನೀವು ಯಾವ ಪೈಕಿ' ಎನ್ನುವ ಮಾಲೀಕರನ್ನೂ ಸ್ವಲ್ಪ ನೆನೆದುಕೊಳ್ಳೋಣ.

ಅಲ್ಲಿ ನೆಲೆಸಿದ ಕನ್ನಡದವರಿಗೂ ಈ ಚರಿತ್ರೆ ದೂರದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಮನೆ ಕೊಂಡವರಿಗೆ ದಾಖಲೆಗಳ ಮೇಲೊಂದು ಹಾಳೆ ಬರುತ್ತದೆ: ಒಳಗೆ ಜನಾಂಗದ ಷರತ್ತೇನಾದರೂ ಇದ್ದರೆ ಅದು ಕಾನೂನಿನಲ್ಲಿ ಊರ್ಜಿತವಲ್ಲ ಎಂದು. ಪುಟ ತಿರುಗಿಸಿದರೆ ಕೆಲವು ಕಡೆ ಷರತ್ತು ಹಾಗೇ ಇರುತ್ತದೆ. ಕಪ್ಪುಜನ, ಚೀನೀಯರ ಜೊತೆಗೆ 'ಹಿಂದೂ'ಗಳನ್ನೂ ಹೊರಗಿಟ್ಟ ಕ್ರಯಪತ್ರಗಳಿವೆ. ಆಗ ಹಿಂದೂ ಎಂದರೆ ಭಾರತದಿಂದ ಬಂದವರೆಲ್ಲರೂ. ಈ ಸಾಲುಗಳನ್ನು ಅಳಿಸುವ ಕೆಲಸವನ್ನು ನೋಂದಣಿ ಕಚೇರಿಗಳಿಗೆ ಒಪ್ಪಿಸಿದ ಕಾನೂನು ಬಂದದ್ದು 2021ರಲ್ಲಿ. ನಮ್ಮವರು ಹೆಚ್ಚಾಗಿ ಅಲ್ಲಿಗೆ ಹೋದದ್ದು 1965ರ ವಲಸೆ ಕಾನೂನಿನ ನಂತರ, ಕೈಯಲ್ಲಿ ಡಿಗ್ರಿ ಹಿಡಿದು. ಅಷ್ಟು ಹೊತ್ತಿಗೆ ಬಾಗಿಲು ತೆರೆಯತೊಡಗಿತ್ತು. ಬಾಗಿಲು ಮುಚ್ಚಿದ್ದ ಕಾಲದಲ್ಲಿ ಬೇರೆಯವರು ಮೂರು ತಲೆಮಾರು ಬಾಡಿಗೆ ಕಟ್ಟಿದ್ದರು.

ಕೊನೆಗೆ ಎಷ್ಟು ಅಂತರ ಬಿದ್ದಿತು? ಅಮೆರಿಕದ ಕೇಂದ್ರ ಬ್ಯಾಂಕಿನ 2019ರ ಸಮೀಕ್ಷೆಯಂತೆ ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ 1,88,200 ಡಾಲರ್, ಕಪ್ಪು ಕುಟುಂಬದ್ದು 24,100. ಅಣ್ಣನ ಮನೆಯ ಹಾಲ್‌ನಲ್ಲಿ ಚಾಪೆಗೆ ಜಾಗವಿಲ್ಲದ್ದು ಹೀಗೆ.

ಇಂಥ ಊರಿನಲ್ಲಿ 2020ರ ಮಾರ್ಚಿನಲ್ಲಿ ಕೋವಿಡ್ ಹರಡಿತು, 'ಮನೆಯಲ್ಲೇ ಇರಿ' ಎಂಬ ಆಜ್ಞೆ ಬಂತು. ಮನೆಯಿಲ್ಲದವರಿಗೆ ಶೆಲ್ಟರ್ ಎಂದರೆ ಒಂದೇ ದೊಡ್ಡ ಕೋಣೆಯಲ್ಲಿ ಸಾಲು ಮಂಚಗಳು. ಬಾಸ್ಟನ್ನಿನ ಒಂದು ಶೆಲ್ಟರ್‌ನಲ್ಲಿ ಆ ವಸಂತದಲ್ಲಿ 408 ಮಂದಿಯನ್ನು ಪರೀಕ್ಷಿಸಿದರೆ 147 ಮಂದಿಗೆ ಸೋಂಕು. ಬಹುತೇಕರಿಗೆ ಕೆಮ್ಮಿಲ್ಲ, ಜ್ವರವಿಲ್ಲ. ಲಾಸ್ ವೇಗಸ್‌ನಲ್ಲಿ ಶೆಲ್ಟರ್‌ನವನೊಬ್ಬನಿಗೆ ಸೋಂಕು ತಗುಲಿ ಅದನ್ನು ಮುಚ್ಚಿದಾಗ ಅಲ್ಲಿದ್ದವರನ್ನು ಒಂದು ಪಾರ್ಕಿಂಗ್ ಬಯಲಿಗೆ ಕಳಿಸಿದರು. ಡಾಂಬರಿನ ಮೇಲೆ ಬಿಳಿ ಬಣ್ಣದಲ್ಲಿ ಚೌಕ ಬರೆದು, ಒಂದು ಚೌಕಕ್ಕೊಬ್ಬರಂತೆ ಮಲಗಿಸಿದರು, ನಡುವೆ ಆರಡಿ ಅಂತರ. ಆ ಹೊತ್ತಿಗೆ ಅದೇ ಊರಿನ ಜೂಜುಕಟ್ಟೆಗಳ ಹೋಟೆಲುಗಳು ಸರ್ಕಾರದ ಆಜ್ಞೆಯಂತೆ ಬಾಗಿಲು ಹಾಕಿ ಖಾಲಿ ಬಿದ್ದಿದ್ದವು. ಆರಡಿ ನಿಯಮ ಪಾಲನೆಯಾಯಿತು ಅನ್ನಿ.

ನೆಂಟರ ಮನೆ ಇದ್ದವರೂ ಸುಖವಾಗಿರಲಿಲ್ಲ. ಒಂದೇ ಮನೆಯಲ್ಲಿ ಎರಡು ಮೂರು ಸಂಸಾರ ಒತ್ತಿಕೊಂಡಿದ್ದ ಲ್ಯಾಟಿನೊ ಬಡಾವಣೆಗಳಲ್ಲಿ, ದಿನಾ ಹೊರಗೆ ದುಡಿಯಲೇಬೇಕಾದವರ ಜೊತೆ ವೈರಸ್ಸೂ ಒಳಗೆ ಬಂತು; ಲಾಸ್ ಏಂಜಲಿಸ್‌ನಲ್ಲಿ ಅವರು ದೊಡ್ಡ ಸಂಖ್ಯೆಯಲ್ಲಿ ಸತ್ತರು. ಬೀದಿಯಿಂದ ಕಾಪಾಡಿದ ಒತ್ತಿನ ಮನೆಯೇ ರೋಗಕ್ಕೆ ದಾರಿಯಾಯಿತು.

ಆದರೆ ಕ್ಯಾಲಿಫೋರ್ನಿಯಾ ಒಂದು ಒಳ್ಳೆಯ ಕೆಲಸ ಮಾಡಿತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಏಪ್ರಿಲ್ 3ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ 'ಪ್ರಾಜೆಕ್ಟ್ ರೂಮ್‌ಕೀ' ಪ್ರಕಟಿಸಿದರು. ಖಾಲಿ ಬಿದ್ದ ಹೋಟೆಲು, ಮೋಟೆಲುಗಳ ಕೋಣೆಗಳನ್ನು ಸರ್ಕಾರ ಬಾಡಿಗೆಗೆ ಹಿಡಿದು, 65 ದಾಟಿದ ಅಥವಾ ಹಳೆಯ ಕಾಯಿಲೆಯಿರುವ ಮನೆಯಿಲ್ಲದವರನ್ನು ಅಲ್ಲಿಡುವುದು. ಖರ್ಚಿನ ಮುಕ್ಕಾಲು ಪಾಲು ಕೇಂದ್ರದ್ದು, ಮುಂದೆ 2021ರಲ್ಲಿ ಪೂರ್ತಿ ಕೇಂದ್ರದ್ದೇ. ಬಾಗಿಲಿಗೆ ಚಿಲಕವಿರುವ ಕೋಣೆ, ಸ್ವಂತ ಬಚ್ಚಲು, ಮೂರು ಹೊತ್ತು ಊಟ. ಜೊತೆಗೆ ನಿಯಮಗಳೂ ಇದ್ದವು: ರಾತ್ರಿ ಹೊರಗೆ ಹೋಗುವಂತಿಲ್ಲ, ಯಾರೂ ನೋಡಲು ಬರುವಂತಿಲ್ಲ. ಹಾಸ್ಟೆಲಿನ ವಾರ್ಡನ್ ಕೈಯಲ್ಲಿ ಅರುವತ್ತೈದರ ಮುದುಕರು.

ಆ 65ರ ಅಂಕಿ ನೋಡಿ. ಬರೆದವರಿಗೆ ಬಣ್ಣ ಮನಸ್ಸಿನಲ್ಲೇ ಇರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಓಕ್‌ಲ್ಯಾಂಡ್‌ನಲ್ಲಿ ಕುಶೆಲ್ ಕಂಡದ್ದೇನು? ಐವತ್ತರ ಹತ್ತಿರವೇ ಬೀಳುವುದು, ಮರೆವು, ನಡೆಯಲಾಗದಿರುವುದು; ಮನೆಯಲ್ಲಿರುವವರಿಗೆ ಎಪ್ಪತ್ತರಲ್ಲಿ ಬರುವ ಮುಪ್ಪು. ಬೀದಿಯಲ್ಲಿ 65 ಮುಟ್ಟುವವರೇ ಕಡಿಮೆ. ಸಮನಾಗಿ ಕಾಣುವ ನಿಯಮ ಅಸಮ ಜೀವನದ ಮೇಲೆ ಕೂತಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಲಾಸ್ ಏಂಜಲಿಸ್ ಹಾಕಿಕೊಂಡ ಗುರಿ 15,000 ಕೋಣೆ. ಸಿಕ್ಕದ್ದು ಹೆಚ್ಚೆಂದರೆ 4,000 ಚಿಲ್ಲರೆ. ಆದರೂ ದಶಕಗಳಿಂದ 'ಜಾಗವೇ ಇಲ್ಲ' ಎನ್ನುತ್ತಿದ್ದ ಊರು ವಾರಗಳಲ್ಲಿ ಅಷ್ಟು ಕೋಣೆ ತೆರೆಯಿತು ಎನ್ನುವುದು ಸಣ್ಣ ಮಾತಲ್ಲ. ಆಮೇಲೆ 'ಹೋಮ್‌ಕೀ' ಎಂದು ಹೋಟೆಲುಗಳನ್ನೇ ಕೊಂಡು, ರಾಜ್ಯದಾದ್ಯಂತ ಮೊದಲ ಸುತ್ತಿನಲ್ಲಿ ಸುಮಾರು 6,000 ಮನೆ ಮಾಡಿದರು.

ಹೊರಗೆ ಉಳಿದವರ ಲೆಕ್ಕ ಬೇರೆ. ಕೋವಿಡ್‌ಗೆ ಮುಂಚಿನ ಒಂದು ವರ್ಷದಲ್ಲಿ ಆ ಕೌಂಟಿಯಲ್ಲಿ ಮನೆಯಿಲ್ಲದೆ ಸತ್ತವರು 1,271; ಕೋವಿಡ್‌ನ ಮೊದಲ ವರ್ಷದಲ್ಲಿ 1,988. ಅತಿ ಹೆಚ್ಚು ಜನರನ್ನು ಕೊಂದದ್ದು ವೈರಸ್ಸಲ್ಲ, ಮಾದಕ ವಸ್ತುವಿನ ಅತಿಸೇವನೆ.

ಈ ಎಲ್ಲ ಚರಿತ್ರೆ ಒಮ್ಮೆ ಕೋರ್ಟಿನಲ್ಲೂ ಬಂತು. 2020ರ ಮಾರ್ಚಿನಲ್ಲಿ ನಗರದ ನಡುಭಾಗದ ಅಂಗಡಿಯವರು, ಕಟ್ಟಡ ಮಾಲೀಕರು, ಕೆಲವು ನಿವಾಸಿಗಳು ಸೇರಿ ನಗರದ ಮೇಲೆ ದಾವೆ ಹೂಡಿದ್ದರು. ಅವರ ತಕರಾರು ಫುಟ್‌ಪಾತಿನದು. ಸ್ಕಿಡ್ ರೋ ಎಂಬ ಸುಮಾರು ಐವತ್ತು ಬ್ಲಾಕುಗಳ ಜಾಗದಲ್ಲಿ ಟೆಂಟುಗಳು ತುಂಬಿಹೋಗಿದ್ದವು. 1976ರಲ್ಲಿ ನಗರವೇ ಬಡವರ ಸೇವಾಕೇಂದ್ರಗಳನ್ನೆಲ್ಲ ಅಲ್ಲೇ ಕೂಡಿಹಾಕುವ ನೀತಿ ತಂದಿತ್ತು. ಫೆಡರಲ್ ನ್ಯಾಯಾಧೀಶ ಡೇವಿಡ್ ಕಾರ್ಟರ್ 2021ರ ಏಪ್ರಿಲ್ 20ರಂದು 110 ಪುಟಗಳ ಆದೇಶ ಬರೆದರು. ನಾನು ಇಲ್ಲಿ ಹೇಳಿದ ಕೆಂಪು ನಕ್ಷೆ, ಷರತ್ತು, ಹೆದ್ದಾರಿಗಳೆಲ್ಲ ಅದರಲ್ಲಿವೆ. ಆರು ತಿಂಗಳೊಳಗೆ ಸ್ಕಿಡ್ ರೋದಲ್ಲಿರುವ ಎಲ್ಲರಿಗೂ ಸೂರು ಕೊಡಲು ಮುಂದಾಗಬೇಕು, ನಗರ 100 ಕೋಟಿ ಡಾಲರ್ ತೆಗೆದಿಡಬೇಕು ಎಂದರು. ಸೆಪ್ಟೆಂಬರಿನಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ದಾವೆ ಹೂಡಿದವರು ಜನಾಂಗ ತಾರತಮ್ಯದ ದೂರನ್ನೇ ಕೊಟ್ಟಿಲ್ಲ, ಕೊಡದ ದೂರಿಗೆ ಪರಿಹಾರ ಹೇಗೆ ಎಂದಿತು. ಕಾನೂನಿನ ಪ್ರಕಾರ ಸರಿಯೇ ಇರಬೇಕು. ದೂರು ಕೊಡಬೇಕಾದವರು ಟೆಂಟಿನಲ್ಲಿದ್ದರು.

ಮುಂದೆ ರೂಮ್‌ಕೀ ಹೋಟೆಲುಗಳು ಒಂದೊಂದಾಗಿ ಪ್ರವಾಸಿಗರಿಗೆ ಮರಳಿದವು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಎಂಬ ಸಣ್ಣ ಊರಿನ ಮೊಕದ್ದಮೆಯಲ್ಲಿ, ಮಲಗಲು ಬೇರೆ ಜಾಗ ಇರಲಿ ಬಿಡಲಿ, ಸಾರ್ವಜನಿಕ ಸ್ಥಳದಲ್ಲಿ ಬಿಡಾರ ಹೂಡಿದವರಿಗೆ ದಂಡ ಹಾಕಬಹುದು ಎಂದಿತು. ನಾಲ್ಕು ವಾರ ಕಳೆದು, ಜುಲೈ 25ರಂದು, ಟೆಂಟುಗಳನ್ನು ತೆಗೆಸಿ ಎಂದು ಕ್ಯಾಲಿಫೋರ್ನಿಯಾದ ಇಲಾಖೆಗಳಿಗೆ ಆದೇಶ ಹೊರಟಿತು. ಸಹಿ ಗ್ಯಾವಿನ್ ನ್ಯೂಸಮ್ ಅವರದೇ.