ಎರಡನೇ ಜೊತೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತು)



ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ 'ನನ್ನ ಶಾಲೆ, ನನ್ನ ನೆನಪು' ಎಂದು ಅಚ್ಚಾಗಿದೆ. ನನಗೆ ಕೊಟ್ಟಿರುವುದು ಹತ್ತು ನಿಮಿಷ. ಈ ಶಾಲೆ ಅಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಒಂದು ಬಿಳಿ ಅಂಗಿ, ಒಂದು ಖಾಕಿ ಚಡ್ಡಿ. ಹಾಗಾಗಿ ಅದರ ಮಾತನ್ನೇ ಆಡುತ್ತೇನೆ.

ನಮ್ಮಪ್ಪ ಶಹಾಬಾದ್ ಕಡೆಯ ಗಣಿಯಲ್ಲಿ ಫರಸಿ ಕಲ್ಲು ಎಬ್ಬಿಸುತ್ತಿದ್ದ. ಎಂಟನೇ ತರಗತಿಗೆ ಹೆಸರು ಹಚ್ಚಿದಾಗ ವಾಡಿಯಲ್ಲಿ ಬಟ್ಟೆ ತಂದು ಹೊಲಿಸಿದ, ಒಂದೇ ಜೊತೆ. ಬೆಳೆಯುವ ಹುಡುಗ ಅಂತ ಒಂದು ಗೇಣು ದೊಡ್ಡದಾಗಿಯೇ ಅಳತೆ ಕೊಟ್ಟು, ಉಳಿದದ್ದನ್ನು ಒಳಗೆ ಮಡಚಿ ಹೊಲಿಸಿದ್ದ. ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ಹತ್ತನೇ ತರಗತಿಗೆ ಬಂದಾಗ ಚಡ್ಡಿಯ ಮೇಲೆ ಎರಡು ಬಣ್ಣದ ಪಟ್ಟಿ ಕಾಣುತ್ತಿದ್ದವು, ಬಿಸಿಲು ಕಂಡದ್ದು ಒಂದು, ಕಾಣದ್ದು ಒಂದು. ನಮ್ಮ ಕಡೆ ಬಿಳಿ ಅಂಗಿ ಅಂದರೆ ತಾಯಂದಿರಿಗೆ ಶಿಕ್ಷೆಯೇ. ಮೇಲೆ ಕಲ್ಲಿನ ಧೂಳು, ಸಿಮೆಂಟಿನ ಧೂಳು, ಕಾಲಿಗೆ ಎರೆಮಣ್ಣು, ಸಾಲದ್ದಕ್ಕೆ ಗಡಸು ನೀರು. ಅವ್ವ ರಾತ್ರಿ ತೊಳೆದು ನೀಲಿ ಹಾಕಿ, ಬೆಳಿಗ್ಗೆ ತಂಬಿಗೆಯಲ್ಲಿ ಕೆಂಡ ತುಂಬಿ ಇಸ್ತ್ರಿ ಮಾಡುತ್ತಿದ್ದಳು. ಮದುವೆಗೂ ಅದೇ ಅಂಗಿ, ಜಾತ್ರೆಗೂ ಅದೇ ಅಂಗಿ. ಇಲ್ಲಿ ಕೂತವರಲ್ಲಿ ಅರ್ಧ ಜನ ನಗುತ್ತಿದ್ದೀರಿ, ಅಂದರೆ ನಿಮ್ಮದೂ ಅದೇ ಕತೆ.

ಆದರೂ ಆ ಅಂಗಿಗೆ ನಾನು ಋಣಿ. ಗೌಡರ ಮಗ, ಸಾಹುಕಾರರ ಮಗ, ಜೀತಕ್ಕಿದ್ದವರ ಮಗ ಒಂದೇ ಸಾಲಿನಲ್ಲಿ ನಿಂತು ಪ್ರಾರ್ಥನೆ ಹೇಳುವಾಗ ಯಾರ ಮನೆ ಯಾವುದು ಎಂದು ದೂರದಿಂದ ತಿಳಿಯುತ್ತಿರಲಿಲ್ಲ. ಹತ್ತಿರ ಬಂದರೆ ಕಾಲರು ಹೇಳಿಬಿಡುತ್ತಿತ್ತು, ಆ ಮಾತು ಬೇರೆ.

ಮುಂದೆ ನಾನೇ ಮಾಸ್ತರನಾದೆ. ಚಿಂಚೋಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಸುತ್ತಲೂ ತಾಂಡಾಗಳು. ತೊಗರಿ ರಾಶಿ ಮುಗಿದರೆ ಮನೆಮಂದಿಯೆಲ್ಲ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಊರುಗಳು. ಅಲ್ಲಿ ನಾನು ಶಿಸ್ತಿನ ಮಾಸ್ತರ ಎಂದು ಹೆಸರು ತೆಗೆದುಕೊಂಡೆ. ಪ್ರಾರ್ಥನೆಯ ಹೊತ್ತಿಗೆ ಗೇಟಿನ ಹತ್ತಿರ ನಿಂತು ಒಬ್ಬೊಬ್ಬರ ಡ್ರೆಸ್ ನೋಡುತ್ತಿದ್ದೆ.

ಒಂದು ಜುಲೈ ತಿಂಗಳು. ಮೂರು ದಿನದಿಂದ ಜಿಟಿಜಿಟಿ ಮಳೆ. ಒಂಬತ್ತನೇ ತರಗತಿಯ ಒಬ್ಬ ಹುಡುಗ ಚಿತ್ರವಿದ್ದ ಬಣ್ಣದ ಬನಿಯನ್ನು ಹಾಕಿಕೊಂಡು ಬಂದ. ಯಾಕೋ ಎಂದೆ. "ತೊಳ್ದಾದರಿ ಸರ, ಇನ್ನಾ ಹಸಿ ಅದರಿ" ಎಂದ. "ನಾಳಿ ಡ್ರೆಸ್ ಹಾಕ್ಕೊಂಡೇ ಬಾ, ಈಗ ನಡಿ" ಎಂದೆ. ನಾಲ್ಕು ಕಿಲೋಮೀಟರು ನಡೆದು ಬಂದವನು ಮತ್ತೆ ನಾಲ್ಕು ಕಿಲೋಮೀಟರು ನಡೆದು ಹೋದ. ಮರುದಿನ ಬರಲಿಲ್ಲ. ಎರಡು ವಾರ ಬಿಟ್ಟು ತಾಂಡಾಕ್ಕೆ ಹೋದರೆ ಅಜ್ಜಿಯೊಬ್ಬಳೇ ಇದ್ದಳು. ಅಪ್ಪನ ಸಂಗಡ ಪುಣೆಗೆ ಹೋದ ಎಂದಳು.

ಬರೀ ಒಂದು ಅಂಗಿಯಿಂದ ಅವನು ಶಾಲೆ ಬಿಟ್ಟ ಎಂದು ನಾನು ಹೇಳಲಾರೆ. ಮನೆಯಲ್ಲಿ ಸಾಲವಿತ್ತು. ಆದರೆ ಆ ದಿನ ಬಾಗಿಲಿಗೆ ಅಡ್ಡ ನಿಂತವನು ಸಾಲಗಾರನಲ್ಲ, ನಾನು. ಅದೂ ಯಾರು, ಒಂದೇ ಜೊತೆಯಲ್ಲಿ ಹೈಸ್ಕೂಲು ಮುಗಿಸಿದವನು. ಕೆಲವು ವರ್ಷದ ಮೇಲೆ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾಯುತ್ತಿದ್ದಾಗ ಅವನೇ ಗುರುತು ಹಿಡಿದು ಕಾಲು ಮುಟ್ಟಿದ. ಚಹಾ ಕುಡಿಸಿದ. ರೊಕ್ಕ ನನಗೆ ಕೊಡಗೊಡಲಿಲ್ಲ. ಅಂಗಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ನಾನು ನಿಯಮ ಓದತೊಡಗಿದೆ. ಮೊದಲೇ ಓದಬೇಕಿತ್ತು. ನಮ್ಮ ರಾಜ್ಯದ 1995ರ ನಿಯಮಗಳಲ್ಲಿ ಸಮವಸ್ತ್ರದ ಬಗ್ಗೆ 11ನೇ ನಿಯಮವಿದೆ. ಶಾಲೆಯೊಂದು ಸಮವಸ್ತ್ರ ಗೊತ್ತುಮಾಡಿದರೆ ಐದು ವರ್ಷ ಅದನ್ನು ಬದಲಿಸುವಂತಿಲ್ಲ. ಆಮೇಲೆ ಬದಲಿಸುವುದಾದರೂ ಒಂದು ವರ್ಷ ಮೊದಲು ಪಾಲಕರಿಗೆ ತಿಳಿಸಬೇಕು. ಬರೆದವರಿಗೆ ಬಡವರ ಜೇಬು ಗೊತ್ತಿತ್ತು. ಕೆಲವು ಕಡೆ ಇದ್ದಕ್ಕಿದ್ದಂತೆ ಶನಿವಾರಕ್ಕೊಂದು ಬೇರೆ ಡ್ರೆಸ್ ಎನ್ನುತ್ತಾರಲ್ಲ, ಅವರು ಇದನ್ನು ಓದಿಲ್ಲ.

ವಿದ್ಯಾವಿಕಾಸ ಯೋಜನೆ ಬಂದು ಸರಕಾರವೇ ಸಮವಸ್ತ್ರ ಕೊಡುವಂತಾಯಿತು. ದೊಡ್ಡ ಉಪಕಾರ. ಆದರೆ ಬಟ್ಟೆ ಕೈಗೆ ಬರುವುದು ಒಂದೊಂದು ವರ್ಷ ತಡ, ಹೊಲಿಸುವ ಕೂಲಿ ಪಾಲಕರದು. ಬಟ್ಟೆ ಟ್ರಂಕಿನಲ್ಲಿದ್ದು ಹುಡುಗ ಹಳೇ ಅಂಗಿಯಲ್ಲಿ ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. 2019ರಲ್ಲಿ ಕೊಪ್ಪಳ ಕಡೆಯ ಒಬ್ಬ ವಿದ್ಯಾರ್ಥಿಯ ಅರ್ಜಿಯ ಮೇಲೆ ಹೈಕೋರ್ಟು, ಶಿಕ್ಷಣ ಹಕ್ಕು ಕಾಯ್ದೆಯಂತೆ ಎರಡು ಜೊತೆ ಸಮವಸ್ತ್ರ, ಬೂಟು, ಕಾಲುಚೀಲ ಕೊಡಲೇಬೇಕು ಎಂದು ಸರಕಾರಕ್ಕೆ ಹೇಳಿತು. ಆ ಸುದ್ದಿ ಪೇಪರಿನಲ್ಲಿ ಓದಿದ ದಿನ ನನಗೆ ಆ ಜುಲೈ ನೆನಪಾಯಿತು. ಎರಡನೇ ಜೊತೆ ಅಂದರೆ ಆಡಂಬರವಲ್ಲ, ಒಂದು ಒಣಗುವಾಗ ಇನ್ನೊಂದು.

ಆದರೆ ನೋಡಿ, ಆ ಕಾಯ್ದೆ ಇರುವುದು 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯ ತನಕ. ನಮ್ಮ ಹೈಸ್ಕೂಲಿನ ಒಂಬತ್ತು, ಹತ್ತನೆಯ ಮಕ್ಕಳು ಅದರ ಹೊರಗೆ. ಶಾಲೆ ಬಿಟ್ಟು ಕೂಲಿಗೆ ಹೋಗುವ ವಯಸ್ಸೂ ಅದೇ.

2022ರಲ್ಲಿ ಸಮವಸ್ತ್ರದ ಮೇಲೆ ನಾಡೆಲ್ಲ ಗದ್ದಲವಾಯಿತು. ಫೆಬ್ರುವರಿಯಲ್ಲಿ ಸರಕಾರದ ಆದೇಶ, ಮಾರ್ಚಿನಲ್ಲಿ ಹೈಕೋರ್ಟಿನ ತೀರ್ಪು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳದು ಬೇರೆ ಬೇರೆ ಅಭಿಪ್ರಾಯ. ದೊಡ್ಡವರು ತೂಗಿಯೂ ಒಂದಾಗದ ವಿಷಯವನ್ನು ಈ ಹತ್ತು ನಿಮಿಷದಲ್ಲಿ ನಾನು ಬಿಡಿಸಲಾರೆ. ಆಗ ನಾನು ಕೇಳುತ್ತಿದ್ದದ್ದು ಒಂದೇ, ಇವತ್ತು ಗೇಟಿನಿಂದ ವಾಪಸು ಹೋದ ಹುಡುಗಿ ನಾಳೆ ಎಲ್ಲಿರುತ್ತಾಳೆ?

ಈಗ ಕೆಲಸದ ಮಾತು. ಮುಖ್ಯಗುರುಗಳ ಕೋಣೆಯಲ್ಲಿ ಇಂದು ಬೆಳಿಗ್ಗೆ ಒಂದು ತಗಡಿನ ಪೆಟ್ಟಿಗೆ ಇಟ್ಟಿದ್ದೇನೆ. ಅದರಲ್ಲಿ ಹದಿನಾಲ್ಕು ಜೊತೆ ಡ್ರೆಸ್ ಇವೆ. ಅಂಗಿ ಹಸಿ ಇದ್ದವರು, ಹರಿದವರು ಅಲ್ಲಿ ಹೋಗಿ ಬದಲಿಸಿಕೊಂಡು ಕ್ಲಾಸಿಗೆ ಹೋಗಬೇಕು, ಸಂಜೆ ವಾಪಸು ಇಡಬೇಕು. ಪಟ್ಟಿಯಲ್ಲಿ ಹೆಸರು ಬರೆಯುವುದು ಬೇಡ, ಪ್ರಾರ್ಥನೆಯಲ್ಲಿ ಕೂಗಿ ಹೇಳುವುದಂತೂ ಬೇಡವೇ ಬೇಡ ಎಂದು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ನನ್ನ ಜೊತೆ ಓದಿದ ಗೆಳೆಯನೊಬ್ಬ ವಾಡಿಯಲ್ಲಿ ಟೇಲರ್ ಇದ್ದಾನೆ. ಈ ಶಾಲೆಯ ಮಕ್ಕಳದು ಅಂದರೆ ಅರ್ಧ ಕೂಲಿಗೆ ಹೊಲಿದು ಕೊಡುತ್ತೇನೆ ಎಂದಿದ್ದಾನೆ. ಅಗೋ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ.

ಸೇಡಂ, ಚಿತ್ತಾಪುರದಿಂದ ಬಂದ ಗೆಳತಿಯರಲ್ಲಿ ಒಂದು ಬೇಡಿಕೆ. ಪೆಟ್ಟಿಗೆಯಲ್ಲಿ ಗಂಡುಹುಡುಗರವೇ ಹೆಚ್ಚಾಗಿವೆ. ಹತ್ತನೇ ತರಗತಿಯ ಹೆಣ್ಣುಮಕ್ಕಳ ಅಳತೆಯ ಚೂಡಿದಾರ ಎರಡೇ ಇವೆ, ಅದರಲ್ಲಿ ಒಂದಕ್ಕೆ ವೇಲಿಲ್ಲ. ಊಟದ ಪಂಕ್ತಿಯಲ್ಲಿ ನಾನೇ ಬಡಿಸಲು ನಿಲ್ಲುತ್ತೇನೆ, ಅಲ್ಲೇ ಹೇಳಿಬಿಡಿ.