ಮನೆಯ ಕೆಲಸದ ಕೋಣೆಗೆ ಹಲಗೆ ಹೊದಿಕೆ
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಂಡು ಮಾತು ಆರಂಭಿಸುತ್ತೇವೆ. ನಮ್ಮ ಸದಸ್ಯರಲ್ಲಿ ಹಿರಿಯರೊಬ್ಬರು ನಿವೃತ್ತರಾದ ಮೇಲೆ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಸಣ್ಣ ಕೆಲಸ ಹೂಡಿದರು. ಸ್ವಯಂಸೇವಕರಾದ ನಾವು ಉತ್ಸಾಹದಿಂದ ಹೋಗಿ, ಅಗ್ಗಕ್ಕೆ ಸಿಕ್ಕ ಹಳೆಯ ಪಾರ್ಟಿಕಲ್ ಬೋರ್ಡನ್ನು ಗೋಡೆಗೆ ಒತ್ತಿ ಮೊಳೆ ಹೊಡೆದು ಬಂದೆವು. ಎರಡನೆಯ ಮಳೆಗಾಲಕ್ಕೆ ಅದು ಉಬ್ಬಿತು. ಒಂದು ರಾತ್ರಿ ಉಪಕರಣಗಳ ಸಮೇತ ಕಳಚಿ ಬಿತ್ತು. ಹಗಲಾಗಿದ್ದರೆ ಅದರ ಕೆಳಗೆ ಅವರೇ ಕುಳಿತಿರುತ್ತಿದ್ದರು. ಆ ದಿನದಿಂದ ಕೇಳಿ, ನೋಡಿ, ಮಾಡಿ ಕಲಿತದ್ದನ್ನು ಇಂದು ಅರಿಕೆ ಮಾಡಿಕೊಳ್ಳುತ್ತೇವೆ.

ಸ್ವಂತ ಕೈಕೆಲಸವು ಈ ಊರಿಗೆ ಹೊಸತಲ್ಲ. 1949ರ ನಂತರ ವಾಯವ್ಯ ಗಡಿಪ್ರಾಂತದ ನಿರಾಶ್ರಿತರು ಸಹಕಾರ ಸಂಘಗಳನ್ನು ಮಾಡಿಕೊಂಡು ಇಲ್ಲಿನ ಹೊಸ ಪಟ್ಟಣವನ್ನು ತಾವೇ ದುಡಿದು ಕಟ್ಟಿದರು. ಆ ಸಹಕಾರದ ಕೆಲಸಕ್ಕೆ ಬೆನ್ನಾಗಿ ನಿಂತವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರೆಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಮಾತು.

ಈಗ ವಿಷಯಕ್ಕೆ ಬರೋಣ. ಹಲಗೆ ಕೊಳ್ಳುವ ಮುಂಚೆ ಗೋಡೆಯನ್ನು ಪರೀಕ್ಷಿಸಬೇಕು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಂಡರೆ ಕೋಣೆಯ ಗಾಳಿಯಿಂದ. ಗೋಡೆಯ ತೇವವನ್ನು ಹಲಗೆಯಿಂದ ಮುಚ್ಚಿದರೆ ರೋಗ ವಾಸಿಯಾಗದು, ಗೆದ್ದಲಿಗೆ ಔತಣವಾಗುತ್ತದೆ. ಮಳೆ ಕಳೆದು ಗೋಡೆ ಒಣಗಿದ ಅಕ್ಟೋಬರ್, ನವೆಂಬರ್ ತಿಂಗಳು ಈ ಕೆಲಸಕ್ಕೆ ತಕ್ಕ ಕಾಲ.

ಹಲಗೆಯಲ್ಲಿ ಯಾವುದು ಮೇಲು? ಪಾರ್ಟಿಕಲ್ ಬೋರ್ಡು ನೀರು ತಾಗಿದರೆ ಉಬ್ಬುತ್ತದೆ. ಜಿಪ್ಸಮ್ ಹಲಗೆ ನೋಟಕ್ಕೆ ಚೆನ್ನ, ಆದರೆ ಸುತ್ತಿಗೆಯ ಪೆಟ್ಟನ್ನೂ ಉಪಕರಣಗಳ ಭಾರವನ್ನೂ ತಡೆಯದು. ಹಳೆಯ ಕಲ್ನಾರಿನ ತಗಡನ್ನು ಮಾತ್ರ ಮುಟ್ಟಲೇ ಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆ. ನಮ್ಮ ಕೆಲಸಕ್ಕೆ 12 ಮಿಲಿಮೀಟರ್ ದಪ್ಪದ ಪ್ಲೈವುಡ್ ಒಳ್ಳೆಯದು. ಇಲ್ಲಿಗೆ ಬರುವ ಮಾಲು ಬಹಳಷ್ಟು ಯಮುನಾನಗರದ್ದು, ಪಾಪ್ಲರ್ ಮತ್ತು ನೀಲಗಿರಿ ಮರದ್ದು. ಐ.ಎಸ್.ಐ. ಗುರುತಿನ ಜೊತೆಗೆ ಐ.ಎಸ್. 303 ಎಂದು ಮುದ್ರೆ ಇದೆಯೇ ನೋಡಿ. ನೀರಿನ ಉಪಟಳ ಹೆಚ್ಚಿರುವ ಕಡೆ ಐ.ಎಸ್. 710 ಕೊಳ್ಳಬೇಕು, ಬೆಲೆ ಹೆಚ್ಚು. ಅಂಚನ್ನು ಕಣ್ಣಿಟ್ಟು ನೋಡಿ; ಪದರಗಳ ನಡುವೆ ಸಂದಿ ಕಂಡರೆ ಬಿಡಿ.

ನಾಲ್ಕೂ ಗೋಡೆ ಹೊದಿಸುವ ಅಗತ್ಯವಿಲ್ಲ. ಕೆಲಸದ ಮೇಜಿನ ಹಿಂದಿನ ಗೋಡೆ 8 ಅಡಿ ಇದ್ದರೆ, 8 ಅಡಿಗೆ 4 ಅಡಿಯ ಒಂದೇ ಹಲಗೆ ಅಡ್ಡಲಾಗಿ ಸಾಕು. ನೆಲದಿಂದ ಎರಡೂವರೆ ಅಡಿ ಬಿಟ್ಟು ಕೂರಿಸಿದರೆ ನೆಲದ ತೇವವೂ ದೂರ, ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ. ಹಲಗೆ ತಂದು ಎರಡು ಮೂರು ದಿನ ಅದೇ ಕೋಣೆಯಲ್ಲಿಡಿ. ಹಿಂಬದಿಗೂ ಅಂಚಿಗೂ ಬಣ್ಣ ಬಳಿಯಿರಿ.

ಹಲಗೆಯನ್ನು ಗೋಡೆಗೆ ನೇರವಾಗಿ ಒತ್ತಬಾರದು. ಒಂದೂವರೆ ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪದ ರೀಪುಗಳನ್ನು 16 ಅಂಗುಲಕ್ಕೊಂದರಂತೆ ಉದ್ದುದ್ದವಾಗಿ ನಿಲ್ಲಿಸಿ. 8 ಅಡಿಗೆ 7 ರೀಪು ಬೇಕು. ಹೀಗೆ ಮಾಡಿದರೆ ಹಿಂದೆ ಗಾಳಿ ಕೆಳಗಿನಿಂದ ಮೇಲಕ್ಕೆ ಆಡುತ್ತದೆ. ಆ ಸಂದಿಯನ್ನು ಮುಚ್ಚಬೇಡಿ. ಗೋಡೆ ಕೊರೆಯುವ ಮುಂಚೆ ವಿದ್ಯುತ್ತಿನ ಮೇನ್ ಆರಿಸಿ, ಒಳಗೆ ತಂತಿ ಎಲ್ಲಿ ಹೋಗಿದೆಯೆಂದು ತಿಳಿದುಕೊಳ್ಳಿ. ಪ್ಲಗ್ಗು ಇಟ್ಟಿಗೆಯಲ್ಲಿ ಕೂರಬೇಕು. ಬರಿಯ ಗಾರೆಯಲ್ಲಿ ಕೂತರೆ ಭಾರ ತಡೆಯದು. ರೀಪುಗಳನ್ನು ತೂಗುಗುಂಡಿನಿಂದಲೂ ಹಲಗೆಯನ್ನು ರಸಮಟ್ಟದಿಂದಲೂ ಸರಿಮಾಡಿ, ಅಡಿಗೊಂದು ತಿರುಪು ಹಾಕಿ. ರೀಪಿಗೆ 5, ಒಟ್ಟು 35 ತಿರುಪು. ಹಲಗೆ ಸುಮಾರು 20 ಕಿಲೋ ತೂಗುವುದರಿಂದ ಇಬ್ಬರು ಹಿಡಿಯುವುದು ಅಗತ್ಯ. ಭಾರದ ಉಪಕರಣಗಳನ್ನು ರೀಪಿನ ಮೇಲೆಯೇ ನೇತುಹಾಕಿ. ಸಾಣೆಯ ಕಿಡಿ ಹಾರುವ ಕಡೆ ಮರದ ಮೇಲೆ ತಗಡು ಹೊದಿಸಿ. ವೆಲ್ಡಿಂಗ್ ಮಾಡುವ ಮೂಲೆಗೆ ಮರವೇ ಬೇಡ.

ಕೊನೆಗೊಂದು ಮಾತು. ನಮ್ಮಲ್ಲಿ ಬಹುಮಂದಿ ಬಾಡಿಗೆದಾರರು. ಮನೆಯ ಯಜಮಾನರ ಒಪ್ಪಿಗೆ ಪಡೆದೇ ಗೋಡೆ ಕೊರೆಯಿರಿ. ಮೊಳೆ ಹೊಡೆದ ಹಲಗೆ ಕೀಳುವಾಗ ಒಡೆಯುತ್ತದೆ. ತಿರುಪು ಹಾಕಿದ್ದು ಬಿಚ್ಚಿದರೆ ಮುಂದಿನ ಮನೆಗೂ ಬರುತ್ತದೆ. ಊರಿನಿಂದ ಊರಿಗೆ ಬಂದವರಿಗೆ ಜೊತೆಯಲ್ಲಿ ಒಯ್ಯಬಹುದಾದ ಗೋಡೆಯೇ ಲೇಸು. ನಮ್ಮ ಹಿರಿಯರ ಕೋಣೆಗೆ ಈ ಕ್ರಮದಲ್ಲಿ ಹೊಸ ಹಲಗೆ ಹಾಕಿಕೊಟ್ಟಿದ್ದೇವೆ. ನೋಡಬೇಕೆನ್ನುವವರು ವಾಚನಾಲಯದಲ್ಲಿ ತಿಳಿಸಿದರೆ ಕರೆದೊಯ್ಯುತ್ತೇವೆ. ರಸಮಟ್ಟ, ತೂಗುಗುಂಡು ನಮ್ಮ ಬಳಿ ಇವೆ, ಕೈಗಳೂ ಇವೆ.